ಹೊರಗಿನ ಹಣ ಬಂದರೆ ಊರು ಬೆಳೆಯುತ್ತಾ?
ಹಾಲಿನ ಪುಡಿ, ಡಾಲರ್ ಮತ್ತು ಕೆರೆ ಕಲಿಸಿದ ಪಾಠ



ಸಂಘದ ಸಭೆಗಳಲ್ಲಿ ಒಂದು ಪ್ರಶ್ನೆ ಆಗಾಗ ಕೇಳಿಬರುತ್ತೆ. "ಫಾರಿನ್ ದುಡ್ಡು ಬಂತಾ? ಈ ಸಲ ನಮ್ಮ ಸಂಘಕ್ಕೆ ಎಷ್ಟು ಕೊಡ್ತಾರೆ?" ಹಾಗಲವಾಡಿ ಸುತ್ತಮುತ್ತಲ ಹಳ್ಳಿಗಳಲ್ಲೂ ಈ ಪ್ರಶ್ನೆ ಇದೆ. ಕೇಳೋದು ತಪ್ಪಲ್ಲ. ಮಳೆ ಕೈಕೊಟ್ಟು, ಕೊಳವೆಬಾವಿ ಬತ್ತಿ, ತೆಂಗಿಗೆ ನುಸಿ ಬಿದ್ದ ವರ್ಷ ಮನೆ ನಡೆಸುವ ಹೆಣ್ಣುಮಗಳು ಯಾರ ಸಹಾಯ ಬಂದರೂ ಸಾಕು ಅನ್ನುವುದು ಸಹಜ.

ಆದರೆ ಇನ್ನೊಂದು ಪ್ರಶ್ನೆಯನ್ನೂ ನಾವು ಕೇಳಬೇಕು. ಹೊರಗಿನಿಂದ ದೊಡ್ಡ ಮೊತ್ತದ ಹಣವೋ, ಧಾನ್ಯವೋ ಒಂದು ದೇಶಕ್ಕೆ ಬಂದರೆ ಅಲ್ಲಿ ಏನೇನು ಬದಲಾಗುತ್ತೆ? ಬೆಲೆ ಏನಾಗುತ್ತೆ? ದುಡಿಯುವವರಿಗೆ ಏನಾಗುತ್ತೆ? ಕೊಡುವವರು ನಿಲ್ಲಿಸಿದ ದಿನ ಏನಾಗುತ್ತೆ? ಇದು ದೆಹಲಿಯ ದೊಡ್ಡವರಿಗೆ ಮಾತ್ರ ಸೇರಿದ ವಿಷಯ ಅಂದುಕೊಳ್ಳಬೇಡಿ. ನಮ್ಮ ಶಾಲೆಯ ಉಪ್ಪಿಟ್ಟು, ನಮ್ಮ ಡೈರಿಯ ಹಾಲು, ನಮ್ಮ ಊರ ಕೆರೆ, ಎಲ್ಲದರಲ್ಲೂ ಈ ಕಥೆ ಇದೆ. ಒಂದೊಂದಾಗಿ ನೋಡೋಣ.

ಕೇರ್ ಉಪ್ಪಿಟ್ಟಿನ ಕಾಲ

ನಿಮ್ಮ ಸಂಘದಲ್ಲಿ ಅರವತ್ತು ದಾಟಿದ ಅಕ್ಕಂದಿರು ಇದ್ದರೆ ಕೇಳಿ ನೋಡಿ. ಅವರು ಪ್ರೈಮರಿ ಶಾಲೆಗೆ ಹೋಗುತ್ತಿದ್ದಾಗ ಮಧ್ಯಾಹ್ನ 'ಕೇರ್ ಉಪ್ಪಿಟ್ಟು' ಸಿಗುತ್ತಿತ್ತು. ಹಾಲಿನ ಪುಡಿಯನ್ನು ಬಿಸಿನೀರಿಗೆ ಕಲಸಿ ಲೋಟಕ್ಕೆ ಹಾಕಿ ಕೊಡುತ್ತಿದ್ದರು. ಮೂಟೆಯ ಮೇಲೆ ಎರಡು ಕೈಗಳು ಕೈಕುಲುಕುವ ಚಿತ್ರ ಇರುತ್ತಿತ್ತು. ಅದು ಅಮೇರಿಕದ ಜನರ ಕೊಡುಗೆ ಎಂಬ ಗುರುತು.

ಅಮೇರಿಕ 1954ರಲ್ಲಿ ಒಂದು ಕಾನೂನು ಮಾಡಿತು. ಅದರ ಹೆಸರು ಪಿ.ಎಲ್. 480. ಅಲ್ಲಿನ ರೈತರು ಬೆಳೆದು ಹೆಚ್ಚಾಗಿ ಉಳಿದ ಗೋಧಿ, ಜೋಳ, ಹಾಲಿನ ಪುಡಿ, ಎಣ್ಣೆಗಳನ್ನು ಬಡ ದೇಶಗಳಿಗೆ ಕಡಿಮೆ ಬೆಲೆಗೆ ಅಥವಾ ಪುಕ್ಕಟೆಯಾಗಿ ಕಳಿಸುವುದು ಇದರ ಉದ್ದೇಶ. ಭಾರತ 1956ರಲ್ಲಿ ಮೊದಲ ಒಪ್ಪಂದಕ್ಕೆ ಸಹಿ ಹಾಕಿತು. ಹೆಚ್ಚಿನ ಗೋಧಿ ರೇಷನ್ ಅಂಗಡಿಗೆ ಹೋಯಿತು. ಸ್ವಲ್ಪ ಪಾಲು ಕೇರ್, ಕ್ಯಾಥೊಲಿಕ್ ರಿಲೀಫ್ ಸರ್ವಿಸಸ್ ಮುಂತಾದ ಸಂಸ್ಥೆಗಳ ಮೂಲಕ ಶಾಲೆ, ಆಸ್ಪತ್ರೆ, ಅನಾಥಾಲಯಗಳಿಗೆ ಬಂತು. ನಮ್ಮಂಥ ಸಮಾಜಸೇವಾ ಸಂಸ್ಥೆಗಳ ಕೆಲಸವೂ ಬಹಳ ಕಡೆ ಹೀಗೆ ಗೋಧಿ, ಎಣ್ಣೆ ಹಂಚುವುದರಿಂದಲೇ ಶುರುವಾಯಿತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

ಆ ಗೋಧಿಯಿಂದ ಒಳ್ಳೆಯದಾಯಿತೇ? ಆಯಿತು. 1965 ಮತ್ತು 1966ರಲ್ಲಿ ಸಾಲಾಗಿ ಎರಡು ವರ್ಷ ಮಳೆ ಹೋಯಿತು. 1966ರ ಒಂದೇ ವರ್ಷದಲ್ಲಿ ಸುಮಾರು ಒಂದು ಕೋಟಿ ಟನ್ ಧಾನ್ಯ ಹಡಗಿನಲ್ಲಿ ಬಂತು. ಅದು ಬಾರದೇ ಹೋಗಿದ್ದರೆ ಎಷ್ಟೋ ಮನೆಗಳಲ್ಲಿ ಒಲೆ ಉರಿಯುತ್ತಿರಲಿಲ್ಲ. ಹಸಿದವರಿಗೆ ಅನ್ನ ಕೊಟ್ಟ ಕೈಯನ್ನು ನಾವು ಹಳಿಯಬಾರದು. ಆದರೆ ಅದರ ಜೊತೆಯಲ್ಲೇ ಬೇರೆ ಮೂರು ಸಂಗತಿಗಳೂ ನಡೆದವು. ಅವನ್ನು ತಿಳಿದುಕೊಳ್ಳೋಣ.

ಒಂದು: ಪುಕ್ಕಟೆ ಮಾಲು ನಮ್ಮ ಮಾಲಿನ ಬೆಲೆ ಇಳಿಸುತ್ತೆ

ನಿಮ್ಮ ಊರಲ್ಲಿ ಐದು ಜನ ಹೆಂಗಸರು ರೊಟ್ಟಿ ತಟ್ಟಿ ಮಾರಿ ಜೀವನ ಮಾಡ್ತಾರೆ ಅಂತ ಇಟ್ಟುಕೊಳ್ಳಿ. ಯಾರೋ ಪುಣ್ಯಾತ್ಮರು ದಿನಾ ಒಂದು ವ್ಯಾನ್ ತುಂಬ ರೊಟ್ಟಿ ತಂದು ಪುಕ್ಕಟೆ ಹಂಚಿದರೆ? ತಿನ್ನುವವರಿಗೆ ಖುಷಿ. ಆದರೆ ಆ ಐದು ಜನರ ಒಲೆ ಆರಿಹೋಗುತ್ತೆ. ಆರು ತಿಂಗಳಾದ ಮೇಲೆ ವ್ಯಾನ್ ಬರೋದು ನಿಂತರೆ? ರೊಟ್ಟಿಯೂ ಇಲ್ಲ, ತಟ್ಟುವವರೂ ಇಲ್ಲ.

ದೇಶದ ಲೆಕ್ಕದಲ್ಲೂ ಹೀಗೇ. ಹೊರಗಿನ ಧಾನ್ಯ ಅಗ್ಗವಾಗಿ ಬಂದರೆ ಪೇಟೆಯಲ್ಲಿ ನಮ್ಮ ರೈತರ ಧಾನ್ಯದ ಬೆಲೆ ಏರುವುದಿಲ್ಲ. ಬೆಲೆ ಇಲ್ಲದಿದ್ದರೆ ರೈತ ಹೆಚ್ಚು ಬೆಳೆಯುವುದಿಲ್ಲ. ಬಾವಿ ತೋಡಿಸುವುದಿಲ್ಲ, ಒಳ್ಳೆ ಬೀಜ ತರುವುದಿಲ್ಲ. ಸರ್ಕಾರಕ್ಕೂ 'ಹಡಗು ಬರುತ್ತಲ್ಲ' ಎಂಬ ಧೈರ್ಯ ಬಂದು ಬೇಸಾಯದ ಕಡೆ ಗಮನ ಕಡಿಮೆಯಾಗುತ್ತೆ. ಭಾರತದಲ್ಲಿ ಪಿ.ಎಲ್. 480 ಗೋಧಿಯಿಂದ ಇದು ಎಷ್ಟರ ಮಟ್ಟಿಗೆ ಆಯಿತು ಎಂಬ ಬಗ್ಗೆ ಅರ್ಥಶಾಸ್ತ್ರಜ್ಞರಲ್ಲಿ ವಾದ ಇದೆ. ರೇಷನ್ ಅಂಗಡಿಯಲ್ಲಿ ಬಡವರಿಗೆ ಕೊಟ್ಟದ್ದರಿಂದ ಪೇಟೆಗೆ ಹೆಚ್ಚು ಪೆಟ್ಟು ಬೀಳಲಿಲ್ಲ ಎನ್ನುವವರೂ ಇದ್ದಾರೆ.

ಆದರೆ ಹೈಟಿ ಎಂಬ ಪುಟ್ಟ ದೇಶದಲ್ಲಿ ನಡೆದದ್ದು ಸ್ಪಷ್ಟವಾಗಿದೆ. ಅಲ್ಲಿ ಮೊದಲು ರೈತರು ತಮಗೆ ಬೇಕಾದ ಅಕ್ಕಿಯ ಹೆಚ್ಚು ಪಾಲನ್ನು ತಾವೇ ಬೆಳೆಯುತ್ತಿದ್ದರು. ನೆರವು ಕೊಡುವ ದೇಶಗಳ ಒತ್ತಾಯದಿಂದ 1995ರಲ್ಲಿ ಹೊರಗಿನ ಅಕ್ಕಿಯ ಮೇಲಿನ ಸುಂಕವನ್ನು ನೂರಕ್ಕೆ 3ಕ್ಕೆ ಇಳಿಸಿದರು. ಅಮೇರಿಕದ ಅಗ್ಗದ ಅಕ್ಕಿ ನುಗ್ಗಿತು. ಅಲ್ಲಿನ ರೈತರು ಗದ್ದೆ ಬಿಟ್ಟು ಪಟ್ಟಣ ಸೇರಿದರು. ಆಗ ಅಮೇರಿಕದ ಅಧ್ಯಕ್ಷರಾಗಿದ್ದ ಬಿಲ್ ಕ್ಲಿಂಟನ್ ಅವರೇ 2010ರಲ್ಲಿ 'ಅದು ತಪ್ಪಾಯಿತು' ಎಂದು ಬಹಿರಂಗವಾಗಿ ಒಪ್ಪಿಕೊಂಡರು.

ಎರಡು: ಕೊಡುವ ಕೈ ಮೇಲೆ, ತೆಗೆದುಕೊಳ್ಳುವ ಕೈ ಕೆಳಗೆ

1965ರ ಹೊತ್ತಿಗೆ ಅಮೇರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು ಭಾರತಕ್ಕೆ ವರ್ಷದ ಗೋಧಿಯನ್ನು ಒಟ್ಟಿಗೆ ಮಂಜೂರು ಮಾಡುವುದನ್ನು ನಿಲ್ಲಿಸಿದರು. ಸ್ವಲ್ಪ ಸ್ವಲ್ಪವೇ ಬಿಡತೊಡಗಿದರು. ಬೇಸಾಯದ ನೀತಿ ಬದಲಿಸಿ ಎಂಬುದು ಅವರ ಒಂದು ಷರತ್ತು. ಅವರು ವಿಯೆಟ್ನಾಂನಲ್ಲಿ ಮಾಡುತ್ತಿದ್ದ ಯುದ್ಧವನ್ನು ಭಾರತ ಟೀಕಿಸಿದ್ದೂ ಅವರಿಗೆ ಸಿಟ್ಟು ತರಿಸಿತ್ತು. ಮುಂದಿನ ಹಡಗು ಬರುತ್ತೋ ಇಲ್ಲವೋ ಎಂದು ನಮ್ಮ ಮಂತ್ರಿಗಳು ದಿನ ಎಣಿಸುವ ಹಾಗಾಯಿತು. ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಸೋಮವಾರ ರಾತ್ರಿ ಒಂದು ಊಟ ಬಿಡಿ ಎಂದು ಜನರನ್ನು ಕೇಳಿಕೊಂಡದ್ದು ಇದೇ ಸಮಯದಲ್ಲಿ.

ಇಷ್ಟಕ್ಕೇ ನಿಲ್ಲಲಿಲ್ಲ. 1966ರ ಜೂನ್ 6ರಂದು ರೂಪಾಯಿಯ ಬೆಲೆ ಇಳಿಸಲಾಯಿತು. ಅಲ್ಲಿಯವರೆಗೆ ಒಂದು ಡಾಲರಿಗೆ 4 ರೂಪಾಯಿ 76 ಪೈಸೆ ಇತ್ತು, ಅದು 7 ರೂಪಾಯಿ 50 ಪೈಸೆ ಆಯಿತು. ನೆರವು ಕೊಡುವವರ ಒತ್ತಡ ಇದರ ಹಿಂದೆ ಇತ್ತು. ಬೇರೆಯವರ ಗೋಧಿ ತಿಂದರೆ ನಮ್ಮ ದುಡ್ಡಿನ ಬೆಲೆಯನ್ನೂ ಅವರ ಮಾತು ಕೇಳಿ ಗೊತ್ತು ಮಾಡಬೇಕಾಗುತ್ತೆ ಎಂಬುದು ಆಗ ಎಲ್ಲರಿಗೂ ಅರ್ಥವಾಯಿತು. ಆ ಅವಮಾನವೇ ಹೆಚ್ಚು ಇಳುವರಿಯ ಗೋಧಿ, ಭತ್ತದ ತಳಿಗಳನ್ನು ಬೇಗ ತರುವುದಕ್ಕೆ ಒಂದು ಕಾರಣವಾಯಿತು.

ಮೂರು: ಪುಕ್ಕಟೆ ಅಂದುಕೊಂಡದ್ದಕ್ಕೂ ಲೆಕ್ಕ ಇರುತ್ತೆ

ರೇಷನ್ ಅಂಗಡಿಗೆ ಬಂದ ಗೋಧಿಗೆ ಭಾರತ ರೂಪಾಯಿಯಲ್ಲಿ ಹಣ ಕಟ್ಟುತ್ತಿತ್ತು. ಆ ಹಣ ಭಾರತದಲ್ಲೇ ಅಮೇರಿಕದ ಖಾತೆಯಲ್ಲಿ ಜಮೆಯಾಗುತ್ತಾ ಹೋಯಿತು. ಅದು ಎಷ್ಟು ಬೆಳೆಯಿತೆಂದರೆ, ನಮ್ಮ ದೇಶದೊಳಗೆ ಬೇರೆ ದೇಶದ ಕೈಯಲ್ಲಿ ಇಷ್ಟು ರೂಪಾಯಿ ಇರುವುದು ಅಪಾಯ ಎಂಬ ಆತಂಕ ಹುಟ್ಟಿತು. ಕೊನೆಗೆ 1974ರ ಫೆಬ್ರವರಿಯಲ್ಲಿ ಅಮೇರಿಕದ ರಾಯಭಾರಿ 1,664 ಕೋಟಿ ರೂಪಾಯಿಯ ಒಂದೇ ಚೆಕ್ಕನ್ನು ಭಾರತ ಸರ್ಕಾರಕ್ಕೆ ವಾಪಸು ಕೊಟ್ಟು ಹೆಚ್ಚು ಪಾಲು ಸಾಲ ತೀರಿಸಿಬಿಟ್ಟರು. ಅವರು ಮನ್ನಾ ಮಾಡಿದ್ದರಿಂದ ಸರಿಹೋಯಿತು. ಎಲ್ಲ ಸಾಲವೂ ಹೀಗೆ ಮನ್ನಾ ಆಗುವುದಿಲ್ಲ.

ಅದೇ ಹಾಲಿನ ಪುಡಿ, ಬೇರೆ ದಾರಿ

ಈಗ ನಮಗೆಲ್ಲ ಹತ್ತಿರದ ಕಥೆಗೆ ಬರೋಣ. ಬೆಳಿಗ್ಗೆ, ಸಂಜೆ ಕ್ಯಾನ್ ಹಿಡಿದು ಡೈರಿಗೆ ಹಾಲು ಹಾಕುವವರು ನೀವು. ಆ ಡೈರಿಯ ಹಿಂದೆಯೂ ಪರದೇಶದ ನೆರವು ಇದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ.

1960ರ ದಶಕದ ಕೊನೆಯಲ್ಲಿ ಯುರೋಪ್ ದೇಶಗಳಲ್ಲಿ ಹಾಲಿನ ಪುಡಿ, ಬೆಣ್ಣೆ ಗುಡ್ಡದಂತೆ ಬಿದ್ದಿತ್ತು. ಅದನ್ನು ಬಡ ದೇಶಗಳಿಗೆ ದಾನ ಕೊಡಲು ಅವರು ತಯಾರಿದ್ದರು. ಗುಜರಾತಿನ ಆನಂದ್‌ನಲ್ಲಿದ್ದ ಡಾ. ವರ್ಗೀಸ್ ಕುರಿಯನ್ ಇದನ್ನು ನೋಡಿ ಹೆದರಿದರು. ಆ ಪುಡಿ ನಮ್ಮ ಪಟ್ಟಣಗಳಲ್ಲಿ ಪುಕ್ಕಟೆ ಹಂಚಿದರೆ ನಮ್ಮ ಹಳ್ಳಿಯ ಹಾಲಿಗೆ ಬೆಲೆ ಎಲ್ಲಿ? ರೊಟ್ಟಿಯ ವ್ಯಾನಿನ ಕಥೆಯೇ ಆಗುತ್ತಿತ್ತು.

ಅದಕ್ಕೆ ಅವರು ಒಂದು ಉಪಾಯ ಮಾಡಿದರು. ದಾನವನ್ನು ಬೇಡ ಅನ್ನಲಿಲ್ಲ, ಪುಕ್ಕಟೆ ಹಂಚಲೂ ಇಲ್ಲ. 1970ರಲ್ಲಿ ಶುರುವಾದ 'ಆಪರೇಷನ್ ಫ್ಲಡ್' ಅಂದರೆ ಕ್ಷೀರ ಕ್ರಾಂತಿಯ ಯೋಜನೆಯಲ್ಲಿ, ವಿಶ್ವ ಆಹಾರ ಕಾರ್ಯಕ್ರಮದ ಮೂಲಕ 1,26,000 ಟನ್ ಹಾಲಿನ ಪುಡಿ ಮತ್ತು 42,000 ಟನ್ ಬೆಣ್ಣೆ ಎಣ್ಣೆ ಪಡೆಯುವ ಒಪ್ಪಂದ ಆಯಿತು. ಅದನ್ನು ಹಾಲಾಗಿ ಮಾಡಿ ಮುಂಬಯಿ, ದೆಹಲಿ, ಕೋಲ್ಕತ್ತ, ಚೆನ್ನೈ ನಗರಗಳಲ್ಲಿ ಬೆಲೆಗೆ ಮಾರಿದರು. ಹಳ್ಳಿಯ ಹಾಲಿನ ಬೆಲೆ ಬೀಳದ ಹಾಗೆ ನೋಡಿಕೊಂಡರು. ಮಾರಿ ಬಂದ ಹಣದಲ್ಲಿ ಹಳ್ಳಿ ಸಹಕಾರ ಸಂಘ, ಹಾಲು ತಂಪು ಮಾಡುವ ಕೇಂದ್ರ, ಟ್ಯಾಂಕರ್, ಪಶುವೈದ್ಯರ ಸೇವೆ, ಮೇವಿನ ಕಾರ್ಖಾನೆ ಕಟ್ಟಿದರು. ವರ್ಷದಿಂದ ವರ್ಷಕ್ಕೆ ನಮ್ಮ ಹಾಲು ಹೆಚ್ಚಿತು. ಹೊರಗಿನ ಪುಡಿ ಕಡಿಮೆಯಾಯಿತು.

ನಮ್ಮ ರಾಜ್ಯದಲ್ಲಿ 1974ರಲ್ಲಿ ವಿಶ್ವ ಬ್ಯಾಂಕಿನ ಸಾಲದಿಂದ ಡೈರಿ ಅಭಿವೃದ್ಧಿ ಯೋಜನೆ ಆರಂಭವಾಯಿತು. ಆನಂದ್ ಮಾದರಿಯಲ್ಲೇ ಹಳ್ಳಿಗಳಲ್ಲಿ ಹಾಲು ಉತ್ಪಾದಕರ ಸಂಘಗಳು ಹುಟ್ಟಿದವು. 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳಿ, ಅಂದರೆ ಕೆ.ಎಂ.ಎಫ್. ಆಯಿತು. ನಂದಿನಿ ಹಾಲು ಅವರದೇ. ತುಮಕೂರು ಹಾಲು ಒಕ್ಕೂಟ, ಮಲ್ಲಸಂದ್ರದ ಡೈರಿ ಎಲ್ಲವೂ ಈ ಸಾಲಿನಲ್ಲೇ ಬರುತ್ತವೆ. 1990ರ ದಶಕದ ಕೊನೆಗೆ ಭಾರತ ಪ್ರಪಂಚದಲ್ಲೇ ಹೆಚ್ಚು ಹಾಲು ಕರೆಯುವ ದೇಶವಾಯಿತು.

ಈ ಯೋಜನೆಯಲ್ಲಿ ಕೊರತೆಯೇ ಇರಲಿಲ್ಲ ಅಂತಲ್ಲ. ಹಳ್ಳಿ ಹಾಲೆಲ್ಲ ಪಟ್ಟಣಕ್ಕೆ ಹೋಗಿ ಹಳ್ಳಿ ಮಕ್ಕಳ ಲೋಟ ಬರಿದಾಯಿತು, ಯುರೋಪಿನ ಪುಡಿಗೇ ನಾವು ಅಂಟಿಕೊಂಡೆವು ಎಂದು 1980ರ ದಶಕದಲ್ಲಿ ಗಟ್ಟಿಯಾಗಿ ಟೀಕೆ ಬಂತು. ಸರ್ಕಾರ ಸಮಿತಿಯನ್ನೂ ನೇಮಿಸಿತು. ಹಾಲೆಲ್ಲ ಡೈರಿಗೆ ಹಾಕಿ ಮನೆ ಮಕ್ಕಳಿಗೆ ಬರೀ ಟೀ ಕೊಡುವ ಅಭ್ಯಾಸ ನಮ್ಮಲ್ಲಿ ಇಲ್ವಾ? ಆ ಟೀಕೆಯಲ್ಲಿ ನಮಗೂ ಪಾಠ ಇದೆ.

ಆದರೂ ಒಂದು ಬದಲಾವಣೆಯನ್ನು ಗಮನಿಸಿ. 1960ರ ದಶಕದಲ್ಲಿ ನಮ್ಮ ಶಾಲೆಯ ಮಕ್ಕಳು ಅಮೇರಿಕದ ಹಾಲಿನ ಪುಡಿ ಕುಡಿಯುತ್ತಿದ್ದರು. 2013ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ 'ಕ್ಷೀರ ಭಾಗ್ಯ' ಶುರುಮಾಡಿದಾಗ ಮಕ್ಕಳ ಲೋಟಕ್ಕೆ ಬಿದ್ದದ್ದೂ ಹಾಲಿನ ಪುಡಿಯೇ. ಆದರೆ ಅದು ಕೆ.ಎಂ.ಎಫ್.ನ ಪುಡಿ. ನೀವು, ನಿಮ್ಮಂಥ ಹೆಣ್ಣುಮಕ್ಕಳು ಕರೆದು ಡೈರಿಗೆ ಹಾಕಿದ ಹಾಲಿನಿಂದ ಆದ ಪುಡಿ. ಅದೇ ಶಾಲೆ, ಅದೇ ಲೋಟ. ಅಂದು ಮೂಟೆಯ ಮೇಲೆ ಪರದೇಶದ ಕೈ ಇತ್ತು. ಇಂದು ನಮ್ಮ ಕೈ ಇದೆ.

ಎರಡೂ ಸಲ ಬಂದದ್ದು ಪರದೇಶದ ನೆರವೇ. ಒಂದು ಹೊಟ್ಟೆಗೆ ಹೋಗಿ ಮುಗಿಯಿತು. ಇನ್ನೊಂದು ಸಂಘವಾಗಿ ನಿಂತಿತು.

ಡಾಲರ್ ಹೆಚ್ಚಾದರೆ ಬರುವ ಕಾಯಿಲೆ

ಧಾನ್ಯ, ಹಾಲಿನ ಪುಡಿಯ ಮಾತಾಯಿತು. ಬರೀ ಹಣವೇ ಬಂದರೆ? ಹಣಕ್ಕೆ ತೊಂದರೆ ಏನು ಅಂತ ನೀವು ಕೇಳಬಹುದು. ಇದನ್ನು ಸ್ವಲ್ಪ ನಿಧಾನವಾಗಿ ಅರ್ಥ ಮಾಡಿಕೊಳ್ಳೋಣ.

ಪರದೇಶದ ನೆರವು ಡಾಲರಿನಲ್ಲೋ ಯೂರೋದಲ್ಲೋ ಬರುತ್ತೆ. ಅದನ್ನು ದೇಶದೊಳಗೆ ಖರ್ಚು ಮಾಡಬೇಕಾದರೆ ಡಾಲರ್ ಮಾರಿ ಆ ದೇಶದ ದುಡ್ಡು ತೆಗೆದುಕೊಳ್ಳಬೇಕು. ಸಂತೆಗೆ ಟೊಮೇಟೊ ಲೋಡುಗಟ್ಟಲೆ ಬಂದರೆ ಟೊಮೇಟೊ ಬೆಲೆ ಬೀಳುತ್ತೆ ಅಲ್ವಾ? ಹಾಗೆಯೇ ಡಾಲರ್ ಬಹಳ ಬಂದರೆ ಡಾಲರ್ ಬೆಲೆ ಬೀಳುತ್ತೆ.

ಅದರಿಂದ ಯಾರಿಗೆ ನಷ್ಟ? ನಮ್ಮ ತೆಂಗಿನ ನಾರಿನ ಉದಾಹರಣೆ ತೆಗೆದುಕೊಳ್ಳೋಣ. ಒಂದು ನಾರಿನ ಮ್ಯಾಟನ್ನು ಪರದೇಶದವರು 5 ಡಾಲರಿಗೆ ಕೊಳ್ತಾರೆ ಅಂತ ಇಟ್ಟುಕೊಳ್ಳಿ. ಡಾಲರಿಗೆ 85 ರೂಪಾಯಿ ಇದ್ದರೆ ಕೈಗೆ 425 ರೂಪಾಯಿ. ಡಾಲರ್ 75ಕ್ಕೆ ಇಳಿದರೆ 375 ರೂಪಾಯಿ. ಮ್ಯಾಟು ಅದೇ, ಕೆಲಸ ಅದೇ, 50 ರೂಪಾಯಿ ಹೋಯಿತು. ಇದು ಲೆಕ್ಕ ತಿಳಿಯಲು ಹೇಳಿದ ಮಾತು ಅಷ್ಟೇ.

ಇನ್ನೊಂದು ಕಡೆ ನೆರವಿನ ಹಣದಲ್ಲಿ ಕಟ್ಟಡ, ರಸ್ತೆ, ಆಫೀಸು ಏಳುತ್ತವೆ. ಗಾರೆ ಕೆಲಸದವರಿಗೆ, ಡ್ರೈವರಿಗೆ, ಇಂಗ್ಲಿಷ್ ಬಲ್ಲವರಿಗೆ ಬೇಡಿಕೆ ಹೆಚ್ಚಿ ಕೂಲಿ, ಸಂಬಳ ಏರುತ್ತೆ. ಕೂಲಿ ಏರುವುದು ಒಳ್ಳೆಯದೇ. ಆದರೆ ಇಟ್ಟಿಗೆ, ಸಿಮೆಂಟು, ಮನೆ ಬಾಡಿಗೆ ಎಲ್ಲವೂ ಏರುತ್ತೆ. 2004ರ ಸುನಾಮಿಯ ನಂತರ ಇಂಡೊನೇಷ್ಯಾದ ಆಚೆ ಪ್ರಾಂತ್ಯಕ್ಕೆ ಪ್ರಪಂಚದ ಎಲ್ಲ ಕಡೆಯಿಂದ ಹಣ ಹರಿದು ಬಂದಾಗ ಅಲ್ಲಿ ಹೀಗೇ ಆಯಿತು. ಮನೆ ಕಟ್ಟುವ ಸಾಮಾನು ದುಬಾರಿಯಾಗಿ, ಅದೇ ಹಣದಲ್ಲಿ ಕಡಿಮೆ ಮನೆಗಳು ಎದ್ದವು.

ಒಟ್ಟಿನಲ್ಲಿ ಹೊರದೇಶಕ್ಕೆ ಮಾರುವ ಬಟ್ಟೆ, ಚರ್ಮ, ನಾರು ಮುಂತಾದ ಕಸುಬುಗಳಿಗೆ ಎರಡು ಕಡೆಯಿಂದ ಪೆಟ್ಟು. ಖರ್ಚು ಏರುತ್ತೆ, ಸಿಗುವ ಬೆಲೆ ಇಳಿಯುತ್ತೆ. ಇಂಥ ಕಸುಬುಗಳಲ್ಲಿ ದುಡಿಯುವವರಲ್ಲಿ ಹೆಂಗಸರೇ ಹೆಚ್ಚು ಎಂಬುದನ್ನು ಮರೆಯಬೇಡಿ. ಇದಕ್ಕೆ 'ಡಚ್ ಕಾಯಿಲೆ' ಎಂದು ಹೆಸರು. ಡಚ್ಚರ ದೇಶವಾದ ನೆದರ್‌ಲ್ಯಾಂಡ್ಸ್‌ನಲ್ಲಿ 1959ರಲ್ಲಿ ಭಾರಿ ಅನಿಲ ನಿಕ್ಷೇಪ ಸಿಕ್ಕಿತು. ಅದನ್ನು ಮಾರಿ ಬಂದ ಹಣದಿಂದ ಅಲ್ಲಿನ ಉಳಿದ ಕಾರ್ಖಾನೆಗಳು ಸೊರಗಿದವು. ಹಾಗಾಗಿ ಈ ಹೆಸರು ಬಂತು.

ನಮ್ಮ ದೇಶದವರೇ ಆದ ರಘುರಾಮ್ ರಾಜನ್ ಮತ್ತು ಅರವಿಂದ್ ಸುಬ್ರಮಣಿಯನ್ 2005ರಲ್ಲಿ ಇದನ್ನು ಅಧ್ಯಯನ ಮಾಡಿ ಬರೆದರು. ಹೆಚ್ಚು ನೆರವು ಪಡೆದ ದೇಶಗಳಲ್ಲಿ, ಹೆಚ್ಚು ಕೈ ಬೇಕಾದ ಮತ್ತು ಹೊರಗೆ ಮಾರುವ ಉದ್ಯಮಗಳು ನಿಧಾನವಾಗಿ ಬೆಳೆದವು ಎಂಬುದು ಅವರ ತೀರ್ಮಾನ. ಮುಂದೆ ರಾಜನ್ ನಮ್ಮ ರಿಸರ್ವ್ ಬ್ಯಾಂಕಿನ ಗವರ್ನರ್ ಆದರು, ಸುಬ್ರಮಣಿಯನ್ ಕೇಂದ್ರ ಸರ್ಕಾರದ ಮುಖ್ಯ ಆರ್ಥಿಕ ಸಲಹೆಗಾರರಾದರು.

ಭಾರತಕ್ಕೆ ಈ ಕಾಯಿಲೆ ನೆರವಿನಿಂದ ತಗಲುವ ಭಯ ಕಡಿಮೆ. ನಮ್ಮ ದೇಶದ ಒಟ್ಟು ಆದಾಯದ ಮುಂದೆ ಪರದೇಶದ ನೆರವು ಬಹಳ ಸಣ್ಣ ಪಾಲು. ಆಫ್ರಿಕಾದ ಸಣ್ಣ ಬಡ ದೇಶಗಳಿಗೆ ಇದು ನಿಜವಾದ ಭಯ. ಅದಕ್ಕೆ ಮದ್ದೂ ಇದೆ. ಬಂದ ಡಾಲರನ್ನೆಲ್ಲ ಒಂದೇ ಸಲ ಖರ್ಚು ಮಾಡದೆ ಸ್ವಲ್ಪವನ್ನು ಕಾಪಿಡುವುದು ಒಂದು. ನೆರವನ್ನು ಬರೀ ಸಂಬಳ, ಕಟ್ಟಡಕ್ಕೆ ಸುರಿಯದೆ ರಸ್ತೆ, ನೀರು, ವಿದ್ಯೆ, ಕಸುಬಿಗೆ ಹಾಕಿ ದುಡಿಯುವ ಶಕ್ತಿ ಹೆಚ್ಚಿಸುವುದು ಇನ್ನೊಂದು. ದಕ್ಷಿಣ ಕೊರಿಯಾ 1950ರ ದಶಕದಲ್ಲಿ ಯುದ್ಧದಿಂದ ಹಾಳಾಗಿ ಅಮೇರಿಕದ ನೆರವಿನಲ್ಲೇ ಬದುಕಿತ್ತು. ಶಾಲೆ, ಕಾರ್ಖಾನೆ, ಬೇಸಾಯದ ಕಡೆ ಗಮನ ಕೊಟ್ಟು ಬೆಳೆಯಿತು. 2010ರಲ್ಲಿ ಅದು ನೆರವು ಕೊಡುವ ದೇಶಗಳ ಕೂಟಕ್ಕೇ ಸೇರಿತು.

ದಾನವೋ? ಸಾಲವೋ?

ಹಾಗಲವಾಡಿ ಅಂದರೆ ಪಾಳೆಗಾರರ ಕಾಲದ ಊರು, ಕೆರೆಯ ಊರು. ಮಳೆ ಬಂದರೆ ಕೆರೆ, ಕೆರೆ ತುಂಬಿದರೆ ಬಾವಿ, ಬಾವಿ ಇದ್ದರೆ ತೋಟ. ಹಿಂದೆ ತೂಬು ಎತ್ತಿ ನೀರು ಬಿಡಲು ನೀರುಗಂಟಿ ಇದ್ದ. ಸುಗ್ಗಿಯಲ್ಲಿ ಊರವರು ಅವನಿಗೆ ಧಾನ್ಯ ಅಳೆದು ಕೊಡುತ್ತಿದ್ದರು. ಹೂಳು ತೆಗೆಯಲು, ಏರಿಗೆ ಮಣ್ಣು ಹಾಕಲು ಮನೆಗೊಂದಾಳು ಬರುತ್ತಿದ್ದರು. ಕೆರೆ ಸರ್ಕಾರದ್ದು ಅಂತ ಆದಮೇಲೆ ಈ ರೂಢಿ ಹಲವು ಕಡೆ ಬಿಟ್ಟುಹೋಯಿತು.

2002ರಲ್ಲಿ ಕರ್ನಾಟಕ ಸರ್ಕಾರ ವಿಶ್ವ ಬ್ಯಾಂಕಿನ ಹಣದಿಂದ ಕೆರೆ ಅಭಿವೃದ್ಧಿಯ ದೊಡ್ಡ ಯೋಜನೆ ತಂದಿತು. 'ಜಲ ಸಂವರ್ಧನೆ ಯೋಜನಾ ಸಂಘ' ಅದನ್ನು ನಡೆಸಿತು. ತುಮಕೂರು ಜಿಲ್ಲೆಯೂ ಅದರಲ್ಲಿತ್ತು. ಊರವರೇ ಕೆರೆ ಬಳಕೆದಾರರ ಸಂಘ ಮಾಡಿಕೊಂಡು, ವಂತಿಗೆ ಹಾಕಿ, ಕೆಲಸ ನೋಡಿಕೊಳ್ಳಬೇಕು ಎಂಬ ನಿಯಮ ಇತ್ತು. ಅದು ಒಳ್ಳೆಯ ನಿಯಮ. 'ಸುಜಲ' ಜಲಾನಯನ ಯೋಜನೆಯೂ ಅದೇ ವರ್ಷಗಳಲ್ಲಿ ವಿಶ್ವ ಬ್ಯಾಂಕಿನ ನೆರವಿನಿಂದಲೇ ನಮ್ಮ ಜಿಲ್ಲೆಗೆ ಬಂತು.

ಜನ ಇದನ್ನು 'ಫಾರಿನ್ ಗ್ರಾಂಟು' ಅಂದುಕೊಂಡರು. ಆದರೆ ಇದು ಮುಖ್ಯವಾಗಿ ಸಾಲ. ಬಡ್ಡಿ ಬಹಳ ಕಡಿಮೆ, ತೀರಿಸಲು 35 ವರ್ಷದವರೆಗೆ ಸಮಯ, ಅಷ್ಟೇ. ತೀರಿಸಬೇಕಾದ್ದು ಪರದೇಶದ ಹಣದಲ್ಲಿ. 2002ರಲ್ಲಿ ಒಂದು ಡಾಲರಿಗೆ ಸುಮಾರು 48 ರೂಪಾಯಿ ಇತ್ತು. 2024ರ ಡಿಸೆಂಬರ್‌ನಲ್ಲಿ ಅದು 85 ದಾಟಿತು. ಅಂದರೆ 48 ರೂಪಾಯಿ ತಂದು ಕೆರೆಗೆ ಹಾಕಿದ್ದಕ್ಕೆ 85ಕ್ಕೂ ಹೆಚ್ಚು ಕಟ್ಟಬೇಕು. ಸರ್ಕಾರ ಕಟ್ಟುತ್ತೆ ನಿಜ. ಸರ್ಕಾರಕ್ಕೆ ಹಣ ಎಲ್ಲಿಂದ? ನಾವು ಕೊಳ್ಳುವ ಸೋಪು, ಎಣ್ಣೆಯ ತೆರಿಗೆಯಿಂದ.

ಕೆರೆ ಚೆನ್ನಾಗಿ ಉಳಿದು, ಬಾವಿಗೆ ನೀರು ಬಂದು, ತೋಟ ಹಸಿರಾಗಿದ್ದರೆ ಈ ಸಾಲ ಭಾರವಲ್ಲ. ಹೂಳು ಮತ್ತೆ ತುಂಬಿ, ಸಂಘದ ಪುಸ್ತಕ ಯಾರದೋ ಮನೆಯ ಅಟ್ಟ ಸೇರಿದ್ದರೆ? ಕೆರೆ ಹೋಯಿತು, ಸಾಲ ಉಳಿಯಿತು. ನಿಮ್ಮ ಊರಲ್ಲಿ ಯಾವುದು ಆಗಿದೆ ಎಂದು ನೀವೇ ಹೇಳಬೇಕು.

ಲೆಕ್ಕ ಕೇಳುವವರು ಯಾರು?

ಮನೆ ಕಂದಾಯ ಕಟ್ಟಿದವರು ಪಂಚಾಯ್ತಿಗೆ ಹೋಗಿ 'ನಮ್ಮ ಬೀದಿ ದೀಪ ಯಾಕೆ ಉರಿಯಲ್ಲ?' ಅಂತ ಕೇಳ್ತಾರೆ. ದುಡ್ಡು ನಮ್ಮದಾದರೆ ಬಾಯಿಯೂ ನಮ್ಮದು. ಸರ್ಕಾರದ ಖರ್ಚು ಹೆಚ್ಚಾಗಿ ಹೊರಗಿನ ನೆರವಿನಿಂದಲೇ ನಡೆದರೆ ಅಧಿಕಾರಿಗಳು ಜನರಿಗಿಂತ ಹೆಚ್ಚಾಗಿ ಕೊಡುವವರ ಮುಖ ನೋಡ್ತಾರೆ. ವರದಿ ಅವರಿಗೆ, ಫೋಟೋ ಅವರಿಗೆ, ಫಲಕದಲ್ಲಿ ಹೆಸರು ಅವರದು. ಜನ ಕೇಳುವುದನ್ನು ಬಿಡ್ತಾರೆ.

ನಮ್ಮಂಥ ಸಂಸ್ಥೆಗಳಿಗೂ ಈ ಮಾತು ಅನ್ವಯಿಸುತ್ತೆ. ನಾವು ದಾನಿಗಳಿಗೆ ಲೆಕ್ಕ ಕೊಡುವ ಹಾಗೆಯೇ ನಿಮಗೂ ಲೆಕ್ಕ ಕೊಡಬೇಕು. ಕೇಳಲು ಹಿಂಜರಿಯಬೇಡಿ.

ಬರೋದು ನಿಂತ ದಿನ

ಹೊರಗಿನ ಹಣದ ದೊಡ್ಡ ಗುಣ ಅಂದರೆ ಅದು ನಮ್ಮ ಕೈಯಲ್ಲಿ ಇಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ವಿದೇಶಿ ವಂತಿಗೆಯ ಕಾನೂನನ್ನು ಬಿಗಿ ಮಾಡಿತು. ಪರದೇಶದ ಹಣ ದೆಹಲಿಯ ಒಂದು ಸ್ಟೇಟ್ ಬ್ಯಾಂಕ್ ಶಾಖೆಗೇ ಮೊದಲು ಬರಬೇಕು, ಆಡಳಿತದ ಖರ್ಚು ನೂರಕ್ಕೆ 20 ಮೀರಬಾರದು, ದೊಡ್ಡ ಸಂಸ್ಥೆ ಪಡೆದ ಹಣವನ್ನು ಸಣ್ಣ ಸಂಸ್ಥೆಗೆ ಹಂಚಬಾರದು ಎಂದಾಯಿತು. ಹಂಚಿಕೆಯ ಹಣವನ್ನೇ ನಂಬಿದ್ದ ಹಳ್ಳಿ ಮಟ್ಟದ ಸಣ್ಣ ಸಂಸ್ಥೆಗಳಿಗೆ ಇದರಿಂದ ಕಷ್ಟವಾಯಿತು.

2025ರ ಜನವರಿಯಲ್ಲಿ ಅಮೇರಿಕದ ಹೊಸ ಸರ್ಕಾರ ಪರದೇಶದ ನೆರವನ್ನು ಒಮ್ಮೆಲೇ ತಡೆಹಿಡಿಯಿತು. ಅದೇ ವರ್ಷ ಜುಲೈ 1ಕ್ಕೆ, ಅರವತ್ತು ವರ್ಷಕ್ಕೂ ಹೆಚ್ಚು ಕಾಲ ನೆರವು ಹಂಚುತ್ತಿದ್ದ ಯು.ಎಸ್. ಏಡ್ ಸಂಸ್ಥೆಯ ಕೆಲಸ ಮುಗಿಯಿತು. ಆಫ್ರಿಕಾದಲ್ಲಿ ಆ ಹಣದಿಂದ ನಡೆಯುತ್ತಿದ್ದ ಎಚ್.ಐ.ವಿ. ಕ್ಲಿನಿಕ್‌ಗಳು ಎಷ್ಟೋ ಮುಚ್ಚಿದವು. ಔಷಧಿಗೆ ಬಂದ ತಾಯಂದಿರು ಬೀಗ ನೋಡಿ ಹಿಂದಿರುಗಿದರು. ಅವರ ತಪ್ಪೇನೂ ಇರಲಿಲ್ಲ. ತೀರ್ಮಾನ ಮಾಡಿದವರು ಅವರನ್ನು ನೋಡಿಯೂ ಇರಲಿಲ್ಲ.

ನಮ್ಮ ಸಂಘಕ್ಕೆ ಇದರಿಂದ ಏನು?

ದೇಶಕ್ಕೆ ಹೇಳಿದ್ದೆಲ್ಲ ಇಪ್ಪತ್ತು ಜನರ ಸಂಘಕ್ಕೂ ಸಲ್ಲುತ್ತೆ. ನಮ್ಮ ರಾಜ್ಯದಲ್ಲಿ 1980ರ ದಶಕದಲ್ಲಿ ಮೈರಾಡ ಸಂಸ್ಥೆ ಇಂಥ ಸಂಘಗಳನ್ನು ಬೆಳೆಸಿತು. 1992ರಲ್ಲಿ ನಬಾರ್ಡ್ 500 ಸಂಘಗಳಿಗೆ ಬ್ಯಾಂಕ್ ಸಾಲ ಜೋಡಿಸುವ ಪ್ರಯೋಗ ಶುರುಮಾಡಿತು. ಅದರ ಗುಟ್ಟು ಒಂದೇ: ಮೊದಲು ಸ್ವಂತ ಉಳಿತಾಯ, ಆಮೇಲೆ ಒಳಗೊಳಗೇ ಸಾಲ, ಅದು ಸರಿಯಾಗಿ ನಡೆದ ಮೇಲೆ ಹೊರಗಿನ ಹಣ. ವಾರಕ್ಕೆ ಹತ್ತು ರೂಪಾಯಿ ಕಟ್ಟುವಾಗ ನಾವು ಬರೀ ದುಡ್ಡು ಕೂಡಿಸುವುದಿಲ್ಲ. ಲೆಕ್ಕ ಬರೆಯುವುದು, ಒಬ್ಬರನ್ನೊಬ್ಬರು ನಂಬುವುದು, ಕೊಟ್ಟಿದ್ದನ್ನು ಧೈರ್ಯವಾಗಿ ವಾಪಸು ಕೇಳುವುದು, ಇದನ್ನೆಲ್ಲ ಕಲೀತೀವಿ.

ಸಬ್ಸಿಡಿ ಸಿಗುತ್ತೆ ಅಂತಲೇ ಹುಟ್ಟಿದ ಸಂಘಗಳನ್ನೂ ನಾವು ಕಂಡಿದ್ದೇವೆ. ಸುತ್ತುನಿಧಿ ಬಂತು, ಸಮನಾಗಿ ಹಂಚಿಕೊಂಡರು, ಮುಂದಿನ ತಿಂಗಳು ಸಭೆಗೆ ಯಾರೂ ಬರಲಿಲ್ಲ. ಹಣ ಬಂದದ್ದರಿಂದಲೇ ಸಂಘ ಮುರಿಯಿತು.

ಹೊರಗಿನ ಹಣ ವ್ಯಾಪಾರದ ರೂಪದಲ್ಲಿ ನುಗ್ಗಿದಾಗಲೂ ಎಚ್ಚರ ಬೇಕು. ಮೈಕ್ರೋ ಫೈನಾನ್ಸ್ ಕಂಪನಿಗಳ ಸಾಲ ನೆರವಲ್ಲ, ಲಾಭಕ್ಕೆ ಬಂದ ಬಂಡವಾಳ. ಒಬ್ಬಳಿಗೇ ಮೂರು ನಾಲ್ಕು ಕಂಪನಿ ಸಾಲ ಕೊಟ್ಟು, 2009ರಲ್ಲಿ ಕೋಲಾರದಲ್ಲಿ, 2010ರಲ್ಲಿ ಆಂಧ್ರದಲ್ಲಿ ವಸೂಲಿಯ ಸಂಕಟ ಎದ್ದಿತು. 2025ರಲ್ಲಿ ನಮ್ಮ ರಾಜ್ಯ ಸರ್ಕಾರವೂ ವಸೂಲಿಯ ಕಿರುಕುಳ ತಡೆಯಲು ಕಾನೂನು ಮಾಡಬೇಕಾಯಿತು. ದಾನವಾಗಲಿ ಸಾಲವಾಗಲಿ, ನಮ್ಮ ಶಕ್ತಿ ಮೀರಿ ಬಂದರೆ ಕಷ್ಟವೇ.

ಕೆರೆಯನ್ನೇ ನೆನಪಿಸಿಕೊಳ್ಳಿ. ನೀರು ಬರಲಿ ಅಂತಲೇ ಎಲ್ಲರ ಆಸೆ. ಆದರೆ ಏರಿ ಗಟ್ಟಿ ಇರಬೇಕು, ತೂಬು ಇರಬೇಕು, ಕೋಡಿಯೂ ಇರಬೇಕು. ಏರಿ ಅಂದರೆ ನಮ್ಮ ಸ್ವಂತ ಉಳಿತಾಯ ಮತ್ತು ಒಗ್ಗಟ್ಟು. ತೂಬು ಅಂದರೆ ಬೇಕಾದಷ್ಟನ್ನೇ ಲೆಕ್ಕವಿಟ್ಟು ಬಿಡುವುದು. ಕೋಡಿ ಅಂದರೆ ಹೆಚ್ಚಾದದ್ದಕ್ಕೆ 'ಈಗ ಬೇಡ' ಅನ್ನುವ ಧೈರ್ಯ. ಇವು ಮೂರೂ ಇಲ್ಲದ ಕೆರೆಗೆ ದೊಡ್ಡ ಮಳೆ ಬಂದರೆ ಊರೇ ಕೊಚ್ಚಿಹೋಗುತ್ತೆ.

ಮುಂದಿನ ಸಭೆಯಲ್ಲಿ ಚರ್ಚಿಸಿ

ಯಾವುದೇ ಯೋಜನೆ, ನೆರವು, ಸಾಲ ನಿಮ್ಮ ಸಂಘದ ಬಾಗಿಲಿಗೆ ಬಂದಾಗ ಸಹಿ ಹಾಕುವ ಮುಂಚೆ ಈ ಐದು ಪ್ರಶ್ನೆ ಕೇಳಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡಿ.

1. ಇದು ದಾನವೋ, ಸಾಲವೋ? ಸಾಲವಾದರೆ ಯಾರು, ಎಷ್ಟು, ಯಾವಾಗ ತೀರಿಸಬೇಕು?
2. ಇದರಿಂದ ನಮ್ಮ ಊರಲ್ಲಿ ಯಾರ ದುಡಿಮೆಗಾದರೂ ಪೆಟ್ಟು ಬೀಳುತ್ತಾ?
3. ಇದು ತಿಂದು ಮುಗಿಯುವುದೋ, ಅಥವಾ ಮುಂದೆಯೂ ದುಡಿದು ಕೊಡುವುದೋ?
4. ಲೆಕ್ಕ ಯಾರು ಇಡುತ್ತಾರೆ? ನಮಗೆ ತೋರಿಸುತ್ತಾರಾ?
5. ನಾಳೆ ಇದು ನಿಂತರೆ ನಮ್ಮ ಕೆಲಸ ಮುಂದುವರಿಯುತ್ತಾ?

ಐದನೆಯ ಪ್ರಶ್ನೆಗೆ 'ಹೌದು, ನಡೆಯುತ್ತೆ' ಎಂಬ ಉತ್ತರ ಬಂದರೆ ಆ ನೆರವನ್ನು ಎರಡು ಕೈಯಿಂದ ಸ್ವಾಗತಿಸಿ. 'ಇಲ್ಲ' ಅಂತ ಬಂದರೆ ಮೊದಲು ಏರಿ ಗಟ್ಟಿ ಮಾಡಿಕೊಳ್ಳಿ. ಈ ವಾರದ ಉಳಿತಾಯವನ್ನು ತಪ್ಪದೆ ಕಟ್ಟಿ.